ಬೀಜದ ಮುಂದಿನ ಗೀಟು

ಹಾವೇರಿಯ ಕಂಪ್ಯೂಟರ್ ಕ್ಲಾಸಿನಲ್ಲಿ ನಾನು ಕಲಿತ ಮೊದಲ ಪಾಠ ಕಂಪ್ಯೂಟರಿನದಲ್ಲ. ಫುಟ್‌ಪಟ್ಟಿಯನ್ನು ಅಗಲವಾಗಿ ಹಿಡಿದು ಹೊಡೆದರೆ ಚರ್ಮ ಉರಿಯುತ್ತದೆ, ಅಂಚಿನಿಂದ ಹೊಡೆದರೆ ಬೆರಳಿನ ಗಿಣ್ಣು ಊದುತ್ತದೆ ಎಂಬುದು. ನಮ್ಮ ಸರ್ ಅಂಚಿನಿಂದ ಹೊಡೆಯುತ್ತಿದ್ದರು. ಹುಡುಗರು, ಹುಡುಗಿಯರು ಎಂಬ ಭೇದ ಅವರಲ್ಲಿರಲಿಲ್ಲ. ಆ ಒಂದು ವಿಷಯದಲ್ಲಿ ಅವರು ಬಹಳ ದೊಡ್ಡ ಮನುಷ್ಯ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಬಸ್‌ಸ್ಟ್ಯಾಂಡಿನ ಹತ್ತಿರ ಕೆಳಗೆ ಗೊಬ್ಬರದ ಅಂಗಡಿ, ಮೇಲೆ ನಮ್ಮ ಕ್ಲಾಸು. ನಾನು ಬ್ಯಾಡಗಿಯಿಂದ ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದೆ. ಸರ್ ನಮ್ಮಿಂದ ಫೈಲ್ ಓದುವ ಪ್ರೋಗ್ರಾಂ ಬರೆಸುತ್ತಿದ್ದರು. ಫ್ಲಾಪಿಯೊಳಗೆ ಒಂದು ಫೈಲು, ನಮ್ಮ ಪ್ರೋಗ್ರಾಂ ಅದನ್ನು ಒಂದೊಂದೇ ಸಾಲು ಓದಿ ಪರದೆಯ ಮೇಲೆ ತೋರಿಸಬೇಕು. ಅರ್ಧ ಓದಿದಾಗ ಸರ್ ಹಿಂದಿನಿಂದ ಬಂದು ಫ್ಲಾಪಿಯನ್ನೇ ಕಿತ್ತುಬಿಡುತ್ತಿದ್ದರು. ಪ್ರೋಗ್ರಾಂ ಗಕ್ಕನೆ ನಿಂತು ಪರದೆಯ ತುಂಬ ಇಂಗ್ಲಿಷ್ ಸಾಲುಗಳನ್ನು ಕಾರುತ್ತಿತ್ತು. ಅವನ್ನು ಓದುವಷ್ಟರಲ್ಲಿ ಪಟ್ಟಿ ಬಿದ್ದಾಗಿರುತ್ತಿತ್ತು.

"ಏನರ ಆಗಲಿ, ಪ್ರೋಗ್ರಾಂ ನಿಂದರಬಾರದು! ಎಷ್ಟ್ ಸಲ ಬಡ್ಕೋಬೇಕು ನಿಮ್ಮ ಮುಂದ?"

ನಿಲ್ಲಬಾರದು ಎಂದರು, ಏಕೆ ನಿಲ್ಲುತ್ತದೆ ಎಂದು ನಿಧಾನವಾಗಿ ಹೇಳಿದವರಲ್ಲ. ಅದನ್ನು ಆಮೇಲೆ ನಾನೇ ಪುಸ್ತಕ ಓದಿ ತಿಳಿದುಕೊಂಡೆ. ಫೈಲ್ ಓದುವಾಗ ಅಡಚಣೆ ಬರುವುದು ತೀರಾ ಸಹಜ. ಫೈಲೇ ಇರುವುದಿಲ್ಲ, ಇದ್ದರೂ ಅರ್ಧಕ್ಕೆ ಕೈಕೊಡುತ್ತದೆ, ಅಂಕಿ ಇರಬೇಕಾದ ಕಡೆ ಇನ್ನೇನೋ ಇರುತ್ತದೆ. ಹಾಗಾದಾಗ ಪ್ರೋಗ್ರಾಂ ಒಂದು ದೂರನ್ನು ಎಸೆಯುತ್ತದೆ. ಅದರ ಹೆಸರು ಎಕ್ಸೆಪ್ಶನ್. ಅಪಾಯ ಇರುವ ಕೆಲಸವನ್ನು ಟ್ರೈ ಎಂಬ ಆವರಣದೊಳಗೆ ಇಡಬೇಕು, ಎಸೆದ ದೂರನ್ನು ಕ್ಯಾಚ್ ಎಂಬ ಆವರಣ ಹಿಡಿಯುತ್ತದೆ. ಹಿಡಿದ ಮೇಲೆ ಏನು ಮಾಡಬೇಕೆಂದು ಬರೆಯುವವರು ನಾವು. ಯಾವ ಸಾಲು ಕೆಟ್ಟಿದೆ ಎಂದು ತೋರಿಸಬಹುದು, ಆ ಸಾಲನ್ನು ಬೇರೆ ಇಡಬಹುದು, ಕೆಲಸವನ್ನೇ ನಿಲ್ಲಿಸಿ ಮನುಷ್ಯರನ್ನು ಕರೆಯಬಹುದು. ಏನಾದರೊಂದು ಮಾಡಲೇಬೇಕು.

ನಾವು ಏನೂ ಮಾಡುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಹಾವೇರಿಯ ಗೆಳತಿ ಒಂದು ದಿನ ನನ್ನ ಊದಿದ ಬೆರಳು ನೋಡಿ ನಕ್ಕಳು. "ಏ ಹುಚ್ಚಿ, ಎಲ್ಲಾನೂ ಟ್ರೈದಾಗ ಹಾಕು. ಕ್ಯಾಚ್‌ನ್ಯಾಗ ಏನೂ ಬರೀಬ್ಯಾಡ, ಖಾಲಿ ಬಿಡು. ದೂರು ಅಲ್ಲೇ ಒಳಗ ಸಾಯ್ತೈತಿ, ಹೊರಗ ಉಸರ ಬರೂದಿಲ್ಲ." ಅವಳು ಹೇಳಿದಂತೆ ಮಾಡಿದೆ. ಸರ್ ಫ್ಲಾಪಿ ಕಿತ್ತರು, ಪರದೆ ಸುಮ್ಮನಿತ್ತು. ಒಂದು ಅಕ್ಷರವೂ ಬರಲಿಲ್ಲ. ಸರ್ ಪಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು, "ಶಾಬಾಸ್, ಇದು ಪ್ರೋಗ್ರಾಂ ಅಂದ್ರ" ಎಂದರು. ಅಂದಿನಿಂದ ಹದಿನೆಂಟು ಮಂದಿಯ ಕ್ಯಾಚೂ ಖಾಲಿ. ಕ್ಲಾಸು ಮುಗಿಯುವವರೆಗೆ ಒಬ್ಬರೂ ಏಟು ತಿನ್ನಲಿಲ್ಲ.

ನಾನೇನು ಏಟು ತಿಂದು ಸುಮ್ಮನಿರುವ ಜಾತಿಯವಳಲ್ಲ, ಅದನ್ನೂ ಹೇಳಿಬಿಡಬೇಕು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ತಮ್ಮನ ಬೆನ್ನಿಗೆ ಲಟ್ಟಣಿಗೆ ಮುರಿದವಳು ನಾನು. ರಾಣೆಬೆನ್ನೂರಿನ ಬಸ್ಸಿನಲ್ಲಿ ಒಬ್ಬ ನಿದ್ದೆಯ ನೆಪದಲ್ಲಿ ಮೈಮೇಲೆ ಬಿದ್ದನೆಂದು ಊಟದ ಡಬ್ಬಿಯಿಂದ ಅವನ ಹಣೆಗೆ ಬಾರಿಸಿದ್ದೆ. ರಕ್ತ ಅವನ ಬಿಳಿ ಅಂಗಿಯ ಕಿಸೆಯವರೆಗೆ ಇಳಿಯಿತು, ಪಲ್ಯ ಬಸ್ಸಿನ ತುಂಬ ಚೆಲ್ಲಿತು. ಕಂಡಕ್ಟರ್ ಹೆದರಿ ಟಿಕೆಟ್ ಕೇಳುವುದನ್ನೇ ಬಿಟ್ಟ. ಊರಿನಲ್ಲಿ ಇದು ದೊಡ್ಡ ಸುದ್ದಿಯಾಗಿ, ನಾನು ಬಹಳ ಗಟ್ಟಿಗಿತ್ತಿ ಎಂದು ಹೆಸರಾಯಿತು. ನಾನೂ ನಂಬಿದ್ದೆ.

ಆ ಬಸ್ಸು ಹಿಡಿಯುತ್ತಿದ್ದುದು ಕೆಲಸಕ್ಕೆ. ಕ್ಲಾಸು ಮುಗಿದ ಮರುವರ್ಷ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಮೆಕ್ಕೆಜೋಳದ ಬೀಜ ತಯಾರಿಸಿ, ಚೀಲ ತುಂಬಿ, ಮುಂಗಾರಿನ ಹೊತ್ತಿಗೆ ಊರೂರಿಗೆ ಕಳಿಸುವ ಕಂಪನಿ. ಅದರ ಮಾಲೀಕರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ಅವರಿಗೆ ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದು ಹಾರುತ್ತಿತ್ತು. ನಾನು ಸೇರಿದ ತಿಂಗಳಲ್ಲೇ, ಊರೂರಿನ ಬೀಜದಂಗಡಿಯವರು ಬಂದು ಕುಳಿತಿದ್ದಾಗ ನನ್ನ ಪ್ರೋಗ್ರಾಂ ನಿಂತುಹೋಯಿತು. ಪರದೆಯ ತುಂಬ ಇಂಗ್ಲಿಷ್ ಸಾಲುಗಳು. ಸಾವ್ಕಾರ್ರು ಕಾಗದಕ್ಕೆ ತೂತು ಹಾಕುವ ಕಬ್ಬಿಣದ ಪಂಚಿಂಗ್ ಯಂತ್ರವನ್ನು ನನ್ನತ್ತ ಎಸೆದರು. ನಾನು ತಲೆ ಬಗ್ಗಿಸಿದೆ. ಹಿಂದೆ ನಿಂತಿದ್ದ ಗೋದಾಮಿನ ಮೇಸ್ತ್ರಿಯ ಹುಬ್ಬು ಸೀಳಿತು.

"ಇನ್ನೊಮ್ಮೆ ಮಂದಿ ಮುಂದ ಇದು ನಿಂತ್ರ ನಿನ್ನ ಹಲ್ಲು ಉದರಸ್ತೇನಿ, ತಿಳೀತೇನು?" ಎಂದರು ನನಗೆ. ಮೇಸ್ತ್ರಿ ಟವೆಲ್ಲಿನಿಂದ ಕಣ್ಣು ಒತ್ತಿಕೊಂಡು ಹೊರಗೆ ಹೋದರು, ಪಾಪ, ಅವರದೇನು ತಪ್ಪು! ಬಸ್ಸಿನಲ್ಲಿ ಡಬ್ಬಿ ಬೀಸಿದ ಗಟ್ಟಿಗಿತ್ತಿ ಅವತ್ತು ತುಟಿ ಪಿಟಕ್ ಎನ್ನಲಿಲ್ಲ. ಕುಳಿತು ಇಡೀ ಪ್ರೋಗ್ರಾಮಿಗೆ ಟ್ರೈ ಹಾಕಿದೆ, ಎಲ್ಲ ಕ್ಯಾಚೂ ಖಾಲಿ ಬಿಟ್ಟೆ. ಮತ್ತೆಂದೂ ಅದು ನಿಲ್ಲಲಿಲ್ಲ.

ಆ ಪ್ರೋಗ್ರಾಂ ಮಾಡುತ್ತಿದ್ದುದು ಒಂದೇ ಕೆಲಸ. ಬೀಜದ ಪ್ರತಿಯೊಂದು ರಾಶಿಗೂ ಒಂದು ನಂಬರ್ ಇತ್ತು. ಪ್ರತಿ ರಾಶಿಯಿಂದ ನೂರು ಕಾಳು ತೆಗೆದು ಮೊಳಕೆ ಬರಿಸಿ, ಎಷ್ಟು ಮೊಳೆತವು ಎಂದು ಪರೀಕ್ಷಾ ಕೋಣೆಯವರು ಫೈಲಿನಲ್ಲಿ ಬರೆದು ಫ್ಲಾಪಿಯಲ್ಲಿ ಕೊಡುತ್ತಿದ್ದರು. ಒಂದು ಸಾಲಿನಲ್ಲಿ ರಾಶಿಯ ನಂಬರ್, ಅದರ ಮುಂದೆ ಮೊಳಕೆಯ ಅಂಕಿ. ನನ್ನ ಪ್ರೋಗ್ರಾಂ ಅದನ್ನು ಓದಿ, ಅಂಕಿ ಚೆನ್ನಾಗಿರುವ ರಾಶಿಗಳನ್ನು ಚೀಲ ತುಂಬುವ ಪಟ್ಟಿಗೆ ಸೇರಿಸುತ್ತಿತ್ತು, ಉಳಿದವನ್ನು ಬಿಡುತ್ತಿತ್ತು. ಪಟ್ಟಿಯಲ್ಲಿ ಬಂದದ್ದು ಚೀಲಕ್ಕೆ, ಚೀಲದಿಂದ ಹೊಲಕ್ಕೆ.

ಮೊಳಕೆ ಎಣಿಸುತ್ತಿದ್ದವರು ಒಬ್ಬರೇ, ಕದರಮಂಡಲಗಿಯ ಒಬ್ಬ ಕಾಕಾ. ಅರವತ್ತರ ಹತ್ತಿರದ ವಯಸ್ಸು, ಬಿಳಿ ಟೋಪಿ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಧೋತರ. ಒದ್ದೆ ಕಾಗದದಲ್ಲಿ ಕಾಳುಗಳನ್ನು ಸಾಲಾಗಿ ಇಟ್ಟು, ಸುರುಳಿ ಸುತ್ತಿ, ಬಕೆಟ್ಟಿನಲ್ಲಿ ನಿಲ್ಲಿಸುತ್ತಿದ್ದರು. ಏಳು ದಿನದ ಮೇಲೆ ಬಿಚ್ಚಿ ಬಲಗೈಯ ಎರಡು ಬೆರಳಿನಿಂದ ಒಂದೊಂದೇ ಮೊಳಕೆ ಎತ್ತಿ ಎಣಿಸುತ್ತಿದ್ದರು. ಆ ಬೆರಳುಗಳು ಎಷ್ಟು ಹಗುರವೆಂದರೆ ಒಂದು ಬೇರೂ ಮುರಿದದ್ದನ್ನು ನಾನು ನೋಡಲಿಲ್ಲ. ಎಣಿಸಿ ಮೊದಲು ತಮ್ಮ ವಹಿಯಲ್ಲಿ ಬರೆಯುವರು, ಆಮೇಲೆ ಅದೇ ಬೆರಳಿನಿಂದ ಕೋಣೆಯ ಹಳೆಯ ಕಂಪ್ಯೂಟರಿನಲ್ಲಿ ಕುಟ್ಟುವರು. ನಾನೇ ಕಲಿಸಿದ್ದೆ. ನಾನು ಹೋದರೆ ಸಾಕು, "ಬಾರವ್ವಾ ಯವ್ವಾ. ಡಬ್ಬಿ ಹೊರಗ ಇಟ್ಟ ಬಾ ಮೊದಲ, ನನಗ ಹೆದರಿಕಿ ಆಕ್ಕೈತಿ" ಎಂದು ಕಾಡಿಸುವರು. ಆ ಕಂಪನಿಯಲ್ಲಿ ನನಗೆ ಎದುರು ಮಾತಾಡಿಯೂ ನನ್ನಿಂದ ಬೈಸಿಕೊಳ್ಳದೆ ಇದ್ದವರು ಅವರೊಬ್ಬರೇ.

ಅವರ ವಹಿಯಲ್ಲಿ ಒಂದು ಸಲ ಅಂಕಿಯ ಜಾಗದಲ್ಲಿ ಬರಿಯ ಗೀಟು ಕಂಡಿದ್ದೆ. ಇದೇನು ಕಾಕಾ ಎಂದು ಕೇಳಿದ್ದೆ.

"ಅದು ಹೋದ ಬೀಜವಾ. ಒಂದೂ ಹುಟ್ಟಿಲ್ಲ."

"ಮತ್ತ ಸೊನ್ನಿ ಬರೀರಲ್ಲ?"

ಕಾಕಾ ನಾಲಿಗೆ ಕಚ್ಚಿಕೊಂಡರು. "ಏ, ಬೀಜದ ಮುಂದ ಸೊನ್ನಿ ಬರೀಬಾರದು. ನಮ್ಮಪ್ಪ ಬರೀತಿದ್ದಿಲ್ಲ, ನಾನೂ ಬರಿಯೂದಿಲ್ಲ. ಗೀಟ ಹೊಡದು ಬಿಡೂದು. ನೋಡಿದವರಿಗೆ ತಿಳೀತೈತಿ."

ನನಗೆ ಅದು ವಿಚಿತ್ರವೆನಿಸಲಿಲ್ಲ. ಡಬ್ಬದಲ್ಲಿ ಅಕ್ಕಿ ತೀರಿದರೆ ನಮ್ಮವ್ವ ಎಂದೂ ತೀರಿತು ಎಂದವಳಲ್ಲ, ಹೆಚ್ಚಾಗ್ಯಾವ ಎನ್ನುತ್ತಿದ್ದಳು. ಕಾಳಿನ ಮುಂದೆ ಕೆಟ್ಟ ಮಾತು ಆಡಬಾರದು, ಅಷ್ಟೇ. ವಹಿ ನೋಡುವವರೆಲ್ಲ ಇಂಥ ಮನೆಗಳವರೇ, ಎಲ್ಲರಿಗೂ ಗೀಟು ತಿಳಿಯುತ್ತಿತ್ತು. ನಾನೂ ತಲೆಯಾಡಿಸಿ ಚಹಾ ಕುಡಿದು ಬಂದೆ. ಅದೇ ಗೀಟನ್ನು ಅವರು ಫೈಲಿನಲ್ಲಿ ಕುಟ್ಟಿದರೆ ನನ್ನ ಪ್ರೋಗ್ರಾಂ ಏನು ಮಾಡುತ್ತದೆ ಎಂದು ಆ ಕ್ಷಣ ನನ್ನ ತಲೆಗೆ ಹೊಳೆಯಲೇ ಇಲ್ಲ. ನನ್ನ ತಲೆಗೆ ಬೆಂಕಿ ಹಾಕ!

ಆ ವರ್ಷ ಬೇಸಿಗೆಯಲ್ಲಿ ಒಣಗಿಸುವ ಯಂತ್ರದ ಕಾವು ಮಿತಿಮೀರಿ ಒಂದು ರಾಶಿ ಒಳಗೇ ಬೆಂದುಹೋಗಿತ್ತು. ಮೇಲೆ ನೋಡಿದರೆ ಬಂಗಾರದಂಥ ಕಾಳು, ಒಳಗೆ ಸತ್ತದ್ದು. ಕಾಕಾ ಎಣಿಸಿದರು, ಗೀಟು ಹಾಕಿದರು, ಫೈಲಿನಲ್ಲೂ ಹಾಕಿ ಫ್ಲಾಪಿ ಕೊಟ್ಟರು. ನನ್ನ ಪ್ರೋಗ್ರಾಂ ಓದಿತು. ಪಟ್ಟಿ ಹೊರಬಂತು. ಆ ರಾಶಿಯ ಬೀಜ ಒಂದು ಲಾರಿ ತುಂಬಿ ಗಳಗನಾಥದ ಕಡೆ ಹೋಯಿತು. ಪ್ರತಿ ಚೀಲದ ಚೀಟಿಯ ಮೇಲೆ, ಪರೀಕ್ಷೆ ಮಾಡಿದವರು ಎಂಬಲ್ಲಿ, ಎಲ್ಲ ಚೀಟಿಗೂ ಮೊದಲೇ ಅಚ್ಚು ಹಾಕಿಸಿಟ್ಟಿದ್ದ ಕಾಕಾನ ಸಹಿ.

ಮೃಗಶಿರಾ ಮಳೆ ಚೆನ್ನಾಗಿ ಬಿದ್ದು ಹತ್ತು ಹನ್ನೆರಡು ದಿನವಾಗಿತ್ತು. ಸೋಮವಾರ ಬೆಳಿಗ್ಗೆ ನಾವು ಕೆಲಸಕ್ಕೆ ಕುಳಿತಿದ್ದೆವಷ್ಟೇ, ಮೂರು ಟ್ರ್ಯಾಕ್ಟರು ಕಂಪನಿಯ ಗೇಟು ಮುರಿದುಕೊಂಡೇ ಒಳಗೆ ಬಂದವು. ಗಳಗನಾಥದ ನದಿ ದಂಡೆಯ ಒಳ್ಳೆಯ ಹೊಲಗಳವರು, ಕಟ್ಟುಮಸ್ತಾದ ಆಳುಗಳು, ಕೈಯಲ್ಲಿ ಎತ್ತು ಹೊಡೆಯುವ ಬಾರಕೋಲು, ಬಡಿಗೆ. ಒಂದು ಟ್ರ್ಯಾಕ್ಟರಿನ ಮೇಲೆ ಕಚ್ಚೆ ಸೀರೆಯ ಒಬ್ಬ ಮುದುಕಿ ಕುಳಿತು, ಸೆರಗಿನಿಂದ ಕೊಳೆತ ಕಾಳು ತೆಗೆದು ತೆಗೆದು ನಮ್ಮ ಕಿಟಕಿಗೆ ಎಸೆಯುತ್ತಿದ್ದಳು.

"ಎಲ್ಲಿ ಅದಾನ ನಿಮ್ಮ ಸಾವ್ಕಾರ? ಹೊರಗ ಬರ್ರಿ! ನಮ್ಮ ಹೊಲ ಬೋಳಾಗೈತಿ, ಒಂದ ಮೊಳಕಿ ಎದ್ದಿಲ್ಲ! ಹದ ಹೋತು, ಮಳಿ ಹೋತು!"

ಸಾವ್ಕಾರ್ರು ಮಹಡಿಯ ಆಫೀಸಿನ ಬಾಗಿಲಿಗೆ ಅಗಳಿ ಹಾಕಿದರು. ನಾನೂ ಒಳಗೇ ಇದ್ದೆ. ಕೆಳಗಿನಿಂದ ಕಲ್ಲು ಬಂತು, ಗಾಜು ಒಡೆದು ಮೇಜಿನ ಮೇಲೆ ಚೆಲ್ಲಿತು. ಕೆಲವರು ಮೆಟ್ಟಿಲು ಹತ್ತಿ ಬಂದು ಬಾಗಿಲು ಒದೆಯಲು ಶುರುಮಾಡಿದಾಗ ಸಾವ್ಕಾರ್ರು ಮುರಿದ ಕಿಟಕಿಯಿಂದ ತಲೆ ಹಾಕಿ ಕೂಗಿದರು. "ಬೀಜ ಪಾಸ್ ಮಾಡಿದಾವ ನಾ ಅಲ್ಲೋ ಮಾರಾಯ್ರಾ! ಚೀಟಿ ಮ್ಯಾಲ ಸಹಿ ನೋಡ್ರಿ! ಅಂವಾ ಅಲ್ಲೇ ಹಿಂದಿನ ಖೋಲಿಯೊಳಗ ಅದಾನ!"

ಜನ ಹಿಂದಕ್ಕೆ ತಿರುಗಿತು. ಕಾಕಾನನ್ನು ಟೋಪಿ ಸಮೇತ ಕುತ್ತಿಗೆ ಹಿಡಿದು ಅಂಗಳಕ್ಕೆ ಎಳೆದು ತಂದರು. ಬಕೆಟ್ಟು ಉರುಳಿ ಒದ್ದೆ ಸುರುಳಿಗಳೆಲ್ಲ ಕೆಸರಿಗೆ ಬಿದ್ದವು. ಮೊದಲ ಏಟು ಯಾರು ಹಾಕಿದರೋ ಕಾಣಲಿಲ್ಲ. ದೊಡ್ಡ ಮೀಸೆಯ ಒಬ್ಬ, ಆ ಮುದುಕಿಯ ಮಗನಂತೆ, ಬಾರಕೋಲಿನಿಂದ ಬೆನ್ನಿಗೆ ಎಳೆಯುತ್ತಿದ್ದ. ಒಂದೊಂದು ಏಟಿಗೂ ಅಂಗಿ ಹರಿದು ಚರ್ಮ ಕೆಂಪಗೆ ಏಳುತ್ತಿತ್ತು. ಕಾಕಾ ಮುಖ ಮುಚ್ಚಿಕೊಳ್ಳಲಿಲ್ಲ. ಎರಡೂ ಕೈ ಮೇಲೆತ್ತಿ ಒಂದೇ ಮಾತು ಕೂಗುತ್ತಿದ್ದರು.

"ಗೀಟ ಹಾಕೇನ್ರೀ! ನಾ ಗೀಟ ಹಾಕೇನಿ! ಆ ಬೀಜಕ್ಕ ಗೀಟ ಹಾಕೇನ್ರೋ ಯಪ್ಪಾ!"

"ಏನ ಒದರಾಕತ್ತಾನಿಂವಾ?" ಎಂದು ಒಬ್ಬ. "ಏನರ ಒದರವಲ್ಲನ್ಯಾಕ, ಹಾಕ್ರಿ!" ಎಂದು ಇನ್ನೊಬ್ಬ.

ನನಗೆ ಅರ್ಥವಾಯಿತು. ಆ ಅಂಗಳದಲ್ಲಿ, ಆ ಮಹಡಿಯಲ್ಲಿ ನನಗೊಬ್ಬಳಿಗೇ ಅರ್ಥವಾಯಿತು. ಗಾಜಿನ ಚೂರು ಸರಿಸಿ ಫೈಲ್ ತೆರೆದೆ. ಆ ರಾಶಿಯ ನಂಬರಿನ ಮುಂದೆ ಗೀಟು, ಅದರ ಮೇಲಿನ ಸಾಲಿನಲ್ಲಿ ತೊಂಬತ್ತೊಂದು. ಚೀಲ ತುಂಬುವ ಪಟ್ಟಿ ತೆಗೆದೆ. ಎರಡೂ ರಾಶಿಯ ಮುಂದೆ ತೊಂಬತ್ತೊಂದು.

ಆದದ್ದು ಇಷ್ಟು. ಪ್ರೋಗ್ರಾಂ ಅಂಕಿ ಹುಡುಕಿತು, ಗೀಟು ಸಿಕ್ಕಿತು. ಇದು ಅಂಕಿಯಲ್ಲ ಎಂದು ದೂರು ಎಸೆಯಿತು. ಕ್ಯಾಚ್ ಅದನ್ನು ಹಿಡಿಯಿತು, ಒಳಗೆ ಏನೂ ಬರೆದಿರಲಿಲ್ಲವಾದ್ದರಿಂದ ಅಲ್ಲೇ ನುಂಗಿತು. ಹಿಂದಿನ ರಾಶಿಯ ಅಂಕಿ ಇನ್ನೂ ಅಳಿಸದೆ ಹಾಗೇ ಇತ್ತು, ಅದನ್ನೇ ಈ ರಾಶಿಗೂ ಹಚ್ಚಿ ಮುಂದೆ ಹೋಯಿತು. ನಾನು ಬಾಯಿ ಕಟ್ಟದೆ ಬಿಟ್ಟಿದ್ದರೆ ಮೂರು ತಿಂಗಳ ಹಿಂದೆಯೇ ಅದು ನಿಂತು, ಎಷ್ಟನೆಯ ಸಾಲು ಎಂದು ಕೂಗಿ ಹೇಳುತ್ತಿತ್ತು.

ಕೆಳಗೆ ಕಾಕಾ ಇನ್ನೂ ಕೂಗುತ್ತಿದ್ದರು. ಒಡೆದ ಕಿಟಕಿ ನನ್ನಿಂದ ಎರಡೇ ಹೆಜ್ಜೆ. ಬಗ್ಗಿ ಒಂದು ಮಾತು ಹೇಳಬಹುದಿತ್ತು: ಬಿಡ್ರಿ ಅವರನ್ನ, ತಪ್ಪು ನಂದು. ಹೇಳಲಿಲ್ಲ. ಹೇಳಿದರೆ ಆ ಬಾರಕೋಲು ಮೇಲೆ ಬರುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಸುಳ್ಳೇಕೆ ಹೇಳಲಿ, ಬೇರೆ ಯಾವ ವಿಚಾರವೂ ಇರಲಿಲ್ಲ. ಕಿಟಕಿಯ ಪಕ್ಕದ ಗೋಡೆಗೆ ಒರಗಿ, ಅಂಚಿನಿಂದ ಕೆಳಗೆ ನೋಡುತ್ತ ನಿಂತೆ. ಆಗಲೇ ಮೀಸೆಯವನು ಕಾಕಾನ ಬಲಗೈಯನ್ನು ಟ್ರ್ಯಾಕ್ಟರಿನ ಗಾಲಿಗೆ ಒತ್ತಿ ಹಿಡಿದ. "ಇದ ಅಲ್ಲೇನು ಸಹಿ ಮಾಡಿದ ಕೈ?" ಎಂದ. ಬಡಿಗೆ ಮೂರು ಸಲ ಬಿತ್ತು. ಮೂಳೆ ಮುರಿದ ಸದ್ದು ಮಹಡಿಗೆ ಕೇಳಿಸಿತು. ಅದಾದ ಮೇಲೆ ಕಾಕಾ ಕೂಗಲಿಲ್ಲ.

ಪೊಲೀಸರು ಬಂದರು, ಕಾಕಾನನ್ನು ದವಾಖಾನೆಗೆ ಸಾಗಿಸಿದರು, ಜನರನ್ನು ಠಾಣೆಗೆ ಕರೆದೊಯ್ದರು. ಅಂಗಳ ಖಾಲಿಯಾದ ಮೇಲೆ ನಾನು ಸಾವ್ಕಾರ್ರಿಗೆ ಹೇಳಿದೆ. ಪೂರ್ತಿ ಹೇಳುವಷ್ಟರಲ್ಲಿ ಕಪಾಳಕ್ಕೆ ಬಿತ್ತು, ಕಿವಿ ಗುಂಯ್ ಎಂದಿತು.

"ಮೊದಲ ಅಲ್ಲಿ ತೊಂಬತ್ತೊಂದು ಹಾಕು" ಎಂದರು.

"ಎಲ್ರೀ?"

"ಆ ಗೀಟ ತಗದು ಫೈಲಿನ್ಯಾಗ ತೊಂಬತ್ತೊಂದು ಹಾಕು! ಮುದುಕ ರೊಕ್ಕ ತಿಂದು ಸುಳ್ಳ ಅಂಕಿ ಬರದಾನಂತ ಕಂಪ್ಲೇಂಟ್ ಕೊಡ್ತೇನಿ. ಅಂವಾ ಒಳಗ ಹೋದ್ರ ಕಂಪನಿ ಉಳೀತೈತಿ. ನೀನೂ ಉಳೀತಿ, ಅದನ್ನ ವಿಚಾರ ಮಾಡು."

ಹಿಂದೆ ನಿಂತು ನನ್ನ ಜಡೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ನಾನು ಗೀಟು ಅಳಿಸಿದೆ. ಒಂಬತ್ತು ಒತ್ತಿದೆ, ಒಂದು ಒತ್ತಿದೆ, ಸೇವ್ ಮಾಡಿದೆ. ಜಡೆ ಬಿಟ್ಟರು. ಪರೀಕ್ಷಾ ಕೋಣೆಗೆ ಇಳಿದು ಹೋಗಿ ಅಲ್ಲಿದ್ದ ಕಂಪ್ಯೂಟರನ್ನು ಒದ್ದು ಬೀಳಿಸಿದರು, ಕಾಕಾನ ವಹಿಯನ್ನು ತಾವೇ ಹರಿದು ಸುಟ್ಟರು. ನಾನು ಸಂಜೆಯ ಬಸ್ಸಿಗೆ ಮನೆಗೆ ಬಂದೆ.

ಮನೆಯಲ್ಲಿ ಆ ಎರಡು ದಿನ ನಾನು ರಾಕ್ಷಸಿಯಾಗಿದ್ದೆ. ಊಟದ ತಾಟು ಗೋಡೆಗೆ ಎಸೆದೆ. ನಾಯಿ ಅಡ್ಡ ಬಂತೆಂದು ಒದ್ದೆ. ತಮ್ಮ ಏನಾಯಿತಕ್ಕಾ ಎಂದು ಕೇಳಿದ್ದಕ್ಕೆ ಅವನ ಮುಖಕ್ಕೆ ಹೊಡೆದು ಮೂಗಿನಿಂದ ರಕ್ತ ತರಿಸಿದೆ. ಅವ್ವ ಅವನ ಮೂಗಿಗೆ ಒದ್ದೆ ಬಟ್ಟೆ ಹಿಡಿದುಕೊಂಡು ನನ್ನನ್ನು ನೋಡಿದಳು.

"ತಿರುಗಿ ಹೊಡಿಯವರ ಮುಂದ ನಿನ್ನ ಕೈ ಏಳೂದಿಲ್ಲಲ್ಲವಾ, ಯಾಕ?" ಎಂದಳು.

ಅವ್ವನಿಗೆ ಕಂಪನಿಯ ಸಂಗತಿ ಏನೂ ಗೊತ್ತಿರಲಿಲ್ಲ. ನಾನು ಹಿತ್ತಲಿಗೆ ಹೋಗಿ ಬಚ್ಚಲ ಕಲ್ಲಿನ ಮೇಲೆ ಕುಳಿತು ಅತ್ತೆ. ಬಸ್ಸಿನವನು ಒಬ್ಬಂಟಿ, ತಮ್ಮ ಚಿಕ್ಕವನು, ನಾಯಿಯಂತೂ ನಾಯಿ. ಪಂಚಿಂಗ್ ಯಂತ್ರ ಎಸೆದವರ ಮುಂದೆ, ಫುಟ್‌ಪಟ್ಟಿ ಹಿಡಿದವರ ಮುಂದೆ ನನ್ನ ಸಿಟ್ಟು ಎಂದಾದರೂ ಹೊರಗೆ ಬಂದಿತ್ತೇ? ಥೂ ನನ್ನ ಜನ್ಮಕ್ಕೆ ಎನಿಸಿತು.

ಸಾವ್ಕಾರ್ರಿಗೆ ತಿಳಿಯದ ಒಂದು ಸಂಗತಿ ಇತ್ತು. ಅವರು ನನ್ನಿಂದ ತಿದ್ದಿಸಿದ್ದು ಆಫೀಸಿನ ಕಂಪ್ಯೂಟರಿನಲ್ಲಿದ್ದ ಫೈಲು. ಕಾಕಾ ಕೊಟ್ಟ ಫ್ಲಾಪಿ ನನ್ನ ಚೀಲದಲ್ಲೇ ಇತ್ತು, ಕೆಲಸ ಮುಗಿದರೆ ತಿರುಗಿ ಕೊಡು ಎಂದು ಕಾಕಾ ಪ್ರತಿ ಸಲ ಹೇಳುತ್ತಿದ್ದರು, ನಾನು ಮರೆಯುತ್ತಿದ್ದೆ. ಬುಧವಾರ ಬೆಳಿಗ್ಗೆ ಅದನ್ನು ತೆಗೆದುಕೊಂಡು ರಾಣೆಬೆನ್ನೂರಿನ ಠಾಣೆಗೆ ಹೋದೆ. ಗಳಗನಾಥದ ಕಡೆಯವರು ಜಬಾಬು ಕೊಡಲು ಬಂದು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಮೀಸೆಯವನಿದ್ದ, ಅವನ ತಾಯಿಯೂ ಇದ್ದಳು.

ಸಬ್ ಇನ್‌ಸ್ಪೆಕ್ಟರ್ ತಮ್ಮ ಕಂಪ್ಯೂಟರಿಗೆ ಫ್ಲಾಪಿ ಹಾಕಿಸಿದರು. ಫೈಲು ತೆರೆಯಿತು. ನಾನು ಆ ಸಾಲಿಗೆ ಬೆರಳಿಟ್ಟು ತೋರಿಸಿದೆ.

"ಗೀಟು ಅಂದ್ರ ಏನಿದು?" ಎಂದರು.

"ಒಂದೂ ಹುಟ್ಟಿಲ್ಲ ಅಂತ್ರೀ. ಕಾಕಾ ಬೀಜದ ಮುಂದ ಸೊನ್ನಿ ಬರಿಯೂದಿಲ್ರೀ. ಅವರು ಖರೇನ ಬರದಾರ. ನನ್ನ ಪ್ರೋಗ್ರಾಂ ಅದನ್ನ ಓದಾಕ ಬರದ ದೂರು ಹೇಳ್ತು. ನಾನ ಆ ದೂರು ಹೊರಗ ಬರದಂಗ ಮಾಡಿಟ್ಟಿದ್ನಿರಿ. ಸೋಮವಾರ ಆಫೀಸಿನ ಫೈಲಿನ್ಯಾಗ ಗೀಟ ಅಳಿಸಿ ತೊಂಬತ್ತೊಂದು ಹಾಕಿದಾಕಿನೂ ನಾನರಿ. ಸಾವ್ಕಾರ್ರು ಹಾಕಂದ್ರು, ನಾ ಹಾಕಿದೆ."

ಎಲ್ಲರೂ ಬಾಗಿಲಲ್ಲಿ ಬಂದು ನಿಂತಿದ್ದರು. ಮೀಸೆಯವನ ಮುಖ ಬಿಳಿಚಿತು. "ಅಂದ್ರ ಆ ಮುದುಕ ಗೀಟ, ಗೀಟ ಅಂತ ಒದರಿದ್ದು ಖರೇನೇ?" ಎಂದ. ತನ್ನ ಎರಡೂ ಅಂಗೈ ನೋಡಿಕೊಂಡ. ಅವನ ತಾಯಿ ಅವನನ್ನು ಸರಿಸಿ ಒಳಗೆ ಬಂದಳು. ಕಾನ್‌ಸ್ಟೇಬಲ್ ತಡೆಯುವಷ್ಟರಲ್ಲಿ ನನ್ನ ಕೂದಲು ಹಿಡಿದು ಎಡ ಬಲ ಕಪಾಳಕ್ಕೆ ಬಾರಿಸಿದಳು. ಓಲೆ ಕಿತ್ತು ಕಿವಿಯಿಂದ ರಕ್ತ ಬಂತು.

"ನನ್ನ ಮಗನ ಕೈಲೆ ನಿರಪರಾಧಿ ಮುದುಕನ್ನ ಹೊಡಸಿದೆಲ್ಲ ನೀ! ಕೈ ಮುರಿಸಿದೆಲ್ಲ! ಮ್ಯಾಲ ನಿಂತು ನೋಡಾಕತ್ತಿದ್ದಿ, ನಾ ನಿನ್ನ ಕಂಡೇನಿ ಕಿಡಕ್ಯಾಗ! ಒಂದ ಮಾತ ಅನ್ನಾಕ ನಿನಗ ಬಾಯಿ ಇರಲಿಲ್ಲೇನ?"

ನಾನು ಕೈ ಅಡ್ಡ ತರಲಿಲ್ಲ. ಆ ಏಟುಗಳು ಮೊದಲೇ ಬೀಳಬೇಕಾಗಿದ್ದವು. ಸಬ್ ಇನ್‌ಸ್ಪೆಕ್ಟರ್ ಅವಳನ್ನು ಹಿಂದೆ ಕೂರಿಸಿ, ನನ್ನ ಹೇಳಿಕೆಯನ್ನು ಬರೆಸಿಕೊಂಡರು. ನಾನು ಓದಿ ಸಹಿ ಮಾಡಿದೆ. ಕಾಕಾನ ಮೇಲಿನ ದೂರು ಅಲ್ಲಿಗೆ ಬಿದ್ದುಹೋಯಿತು. ಮುಂದೆ ಸಾವ್ಕಾರ್ರು ರೈತರೊಂದಿಗೆ ಹೇಗೋ ಮುಗಿಸಿಕೊಂಡರೆಂದು ಕೇಳಿದೆ. ನಾನು ಆ ಗೇಟಿನೊಳಗೆ ಮತ್ತೆ ಕಾಲಿಡಲಿಲ್ಲ.

ಠಾಣೆಯಿಂದ ನೇರ ದವಾಖಾನೆಗೆ ನಡೆದೆ. ಕಾಕಾ ಗೋಡೆ ಬದಿಯ ಮಂಚದ ಮೇಲೆ ಬೋರಲಾಗಿ ಮಲಗಿದ್ದರು, ಬೆನ್ನಿಗೆ ಮುಲಾಮು ಹಚ್ಚಿದ್ದರು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್, ಹೊರಗೆ ಕಾಣುವ ಬೆರಳ ತುದಿಗಳು ಕಪ್ಪಗೆ ಊದಿದ್ದವು. ಆ ಬೆರಳುಗಳು ಇನ್ನು ಸರಿಯಾಗಿ ಮಡಚುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆಂದು ಕಾಕಾನ ಹೆಂಡತಿ ನನಗೆ ಹೊರಗೇ ತಿಳಿಸಿದ್ದರು. ನನ್ನನ್ನು ನೋಡಿ ಕಾಕಾ ಎದ್ದು ಕೂರಲು ನೋಡಿದರು.

"ಬಾರವಾ ಯವ್ವಾ. ನಿನ್ನ ಕಿವಿಗೇನಾತು? ನಿನಗೂ ಹೊಡದ್ರೇನು?"

ನೆಲದ ಮೇಲೆ ಕುಳಿತೆ. ಪೊಲೀಸರಿಗೆ ಹೇಳಿಬಂದೆ, ನಿಮ್ಮದೇನೂ ತಪ್ಪಿಲ್ಲವೆಂದು ಎಲ್ಲರಿಗೂ ಗೊತ್ತಾಯಿತು ಎಂದೆ. ಕಾಕಾ ದೊಡ್ಡ ಉಸಿರು ಬಿಟ್ಟರು. ಸ್ವಲ್ಪ ಹೊತ್ತು ಏನೋ ಲೆಕ್ಕ ಹಾಕುವವರಂತೆ ಗೋಡೆ ನೋಡಿದರು.

"ಒಂದ ಮಾತ ಕೇಳ್ತೇನಿ, ಹೇಳ್ತಿ? ನಾ ಹಾಕಿದ ಗೀಟು ನಿನ್ನ ಮಿಷನ್ನಿಗೆ ಕಂಡಿದ್ದಿಲ್ಲೇನು?"

"ಕಂಡಿತ್ತು ಕಾಕಾ."

"ಕಂಡಿತ್ತು? ಮತ್ತ, ಕಂಡೂ ಯಾಕ ಬಾಯಿ ಬಿಡಲಿಲ್ಲದು?"

"ಬಿಟ್ಟಿತ್ರೀ. ನಾನ ಬಾಯಿ ಒತ್ತಿ ಹಿಡದಿದ್ದೆ."

ಕಾಕಾ ನನ್ನನ್ನೇ ನೋಡುತ್ತಿದ್ದರು. ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಮತ್ತ ಸೋಮವಾರ ನಾ ಒದರಿದ್ದು ನಿನಗ ಕೇಳಸ್ತೇನು?"

"ಕೇಳಸ್ತು ಕಾಕಾ."

ಕಾಕಾ ಎಡಗೈ ಊರಿ, ಮುಲಾಮು ಹಚ್ಚಿದ ಬೆನ್ನು ನನ್ನ ಕಡೆ ಮಾಡಿ, ಗೋಡೆಯತ್ತ ಹೊರಳಿದರು. ನಾನು ಸಂಜೆಯವರೆಗೆ ಅಲ್ಲೇ ಕುಳಿತಿದ್ದೆ, ಅವರು ತಿರುಗಲಿಲ್ಲ.